ತಾತನ ಜೈಲಿನ ನೆನಪುಗಳನ್ನು ಬರೆದಿಡಬೇಕೇ?

ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡ ನಿಮ್ಮ ತಾತನ ನೆನಪುಗಳನ್ನು ಬರೆದಿಟ್ಟರೆ ಏನು ಬಂತು, ದಬ್ಬಾಳಿಕೆಯ ಎದುರು ಅದು ಬರೀ ಸಮಾಧಾನವಲ್ಲವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಅರ್ಜೆಂಟೀನಾದಲ್ಲಿ ನಡೆದದ್ದನ್ನು ಓದಿದ ಮೇಲೆ ನನಗೆ ಇದರಲ್ಲಿ ಸಂಶಯ ಉಳಿದಿಲ್ಲ.

1976ರಿಂದ 1983ರವರೆಗೆ ಅಲ್ಲಿ ಸೇನೆಯ ಆಳ್ವಿಕೆ. ಜನರನ್ನು ಹಿಡಿದೊಯ್ದು, ಆಮೇಲೆ ‘ನಮಗೇನೂ ಗೊತ್ತಿಲ್ಲ’ ಎನ್ನುತ್ತಿದ್ದರು. ಬ್ಯೂನಸ್ ಐರಿಸ್‌ನ ‘ಎಸ್ಮಾ’ ಎಂಬ ನೌಕಾಪಡೆಯ ಶಾಲೆಯಲ್ಲಿ ಸುಮಾರು 5,000 ಜನರನ್ನು ಗುಟ್ಟಾಗಿ ಕೂಡಿಹಾಕಿದ್ದರು. ಹೆಚ್ಚಿನವರು ಬದುಕಿ ಬರಲಿಲ್ಲ. ತಲೆಗೆ ಮುಸುಕು ಹಾಕಿದ್ದರೂ ಕೈದಿಗಳು ನೆಲಮಾಳಿಗೆಗೆ ಇಳಿಯುವ ಮೆಟ್ಟಿಲನ್ನು, ಲಿಫ್ಟನ್ನು ನೆನಪಿಟ್ಟುಕೊಂಡಿದ್ದರು. ಪಾರಾದ ಕೆಲವರು ಹೊರದೇಶಗಳಲ್ಲಿ ಅದನ್ನು ಹೇಳಿದರು. 1979ರಲ್ಲಿ ಅಮೆರಿಕ ಖಂಡದ ಮಾನವ ಹಕ್ಕುಗಳ ಆಯೋಗ ತಪಾಸಣೆಗೆ ಬರುವುದು ಖಚಿತವಾದಾಗ ನೌಕಾಪಡೆ ಕೈದಿಗಳನ್ನು ಒಂದು ದ್ವೀಪಕ್ಕೆ ಸಾಗಿಸಿತು, ಆ ಮೆಟ್ಟಿಲನ್ನು ಮುಚ್ಚಿತು, ಲಿಫ್ಟನ್ನು ಕಿತ್ತುಹಾಕಿತು. ಸಾಕ್ಷಿಗಳ ಮಾತು ಸುಳ್ಳೆನಿಸಲಿ ಎಂದು ಕಟ್ಟಡವನ್ನೇ ಬದಲಿಸಿತು! ಬಂದೂಕು ಹಿಡಿದವರು ಮುಸುಕಿನೊಳಗಿನ ನೆನಪಿಗೆ ಅಷ್ಟು ಹೆದರಿದ್ದರು. ಲಿಫ್ಟ್ ಇದ್ದ ಜಾಗದ ಗುರುತು ಅಲ್ಲಿ ಇಂದಿಗೂ ಇದೆ.

ಅಲ್ಲೇ ಸೆರೆಯಲ್ಲಿದ್ದ ವಿಕ್ಟರ್ ಬಾಸ್ತೆರ್ರಾ ಮುದ್ರಣ ಕೆಲಸ ಬಲ್ಲವರು. ಅಧಿಕಾರಿಗಳು ತಮಗೆ ಬೇಕಾದ ನಕಲಿ ಗುರುತುಪತ್ರಗಳನ್ನು ಅವರಿಂದಲೇ ಮಾಡಿಸಿದರು. ಅದಕ್ಕಾಗಿ ತೆಗೆದ ಆ ಅಧಿಕಾರಿಗಳ ಫೋಟೋಗಳ ಪ್ರತಿಗಳನ್ನು ಅವರು ಬಟ್ಟೆಯೊಳಗೆ ಬಚ್ಚಿಟ್ಟು ಹೊರಗೆ ಸಾಗಿಸಿದರು. 1985ರಲ್ಲಿ ಸೇನಾ ಮುಖ್ಯಸ್ಥರ ವಿಚಾರಣೆ ನಡೆದಾಗ ಬಾಸ್ತೆರ್ರಾ ಸಾಕ್ಷಿ ನುಡಿದರು. ಭೂಸೇನೆಯ ಮುಖ್ಯಸ್ಥನಾಗಿದ್ದ ವಿದೇಲಾ, ನೌಕಾಪಡೆಯ ಮುಖ್ಯಸ್ಥನಾಗಿದ್ದ ಮಸೇರಾ ಇಬ್ಬರಿಗೂ ಜೀವಾವಧಿ ಶಿಕ್ಷೆಯಾಯಿತು.

1990ರಲ್ಲಿ ಆ ಇಬ್ಬರಿಗೂ ಕ್ಷಮಾದಾನ ಸಿಕ್ಕಿತು ಎಂಬುದನ್ನೂ ಹೇಳಲೇಬೇಕು. 1998ರಲ್ಲಿ ಅಧ್ಯಕ್ಷ ಮೆನೆಮ್ ಎಸ್ಮಾವನ್ನೇ ಕೆಡವಲು ಆದೇಶಿಸಿದರು. ಕಾಣೆಯಾದವರ ಮನೆಯವರು ಕೋರ್ಟಿಗೆ ಹೋಗಿ ಅದನ್ನು ತಡೆದರು. ಮುಂದೆ ವಿಚಾರಣೆಗಳು ಮತ್ತೆ ಶುರುವಾದಾಗ ಹಳೆಯ ಹೇಳಿಕೆಗಳೆಲ್ಲ ಕೆಲಸಕ್ಕೆ ಬಂದವು. 2023ರಲ್ಲಿ ಆ ಕಟ್ಟಡ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಹಾಗಾಗಿ ತಾತನ ಬಳಿ ಕೂತು, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ‘ತುಂಬ ಕಷ್ಟಪಟ್ಟೆವು’ ಎಂಬಲ್ಲಿಗೆ ಬಿಡಬೇಡಿ. ಯಾವ ತಾರೀಖು, ಯಾವ ಠಾಣೆ, ಪಕ್ಕದಲ್ಲಿ ಮಲಗುತ್ತಿದ್ದವರು ಯಾರು, ಊಟಕ್ಕೆ ಏನು ಕೊಡುತ್ತಿದ್ದರು, ಯಾರನ್ನು ಹೊಡೆದರು, ಹೊಡೆದವರು ಯಾರು ಎಂದು ಕೇಳಿ. ಅವರಿಗೆ ಸಂದೇಹವಿದ್ದ ಕಡೆ ಅದನ್ನೂ ಹಾಗೇ ಬರೆಯಿರಿ. ಜೊತೆಗಿದ್ದವರು ಯಾರಾದರೂ ಬದುಕಿದ್ದರೆ ಈ ತಿಂಗಳಲ್ಲೇ ಹೋಗಿ ಅವರನ್ನೂ ಮಾತಾಡಿಸಿ.