ನೀರು ಏರಿಸಿದರೆ ಭಯ ಏರುವುದಿಲ್ಲ

ಮಕ್ಕಳ ಪಾತ್ರಗಳನ್ನು ಅಪಾಯಕ್ಕೆ ಸಿಲುಕಿಸುವ ಬಗ್ಗೆ ಒಂದೇ ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಈ ಸಲ ಒಂದನ್ನು ಬಿಡಿಸಿ ಹೇಳುತ್ತೇನೆ. ಉಳಿದವಕ್ಕೆ ಅಷ್ಟು ಜಾಗ ಬೇಕಿಲ್ಲ.

ಪ್ರಶ್ನೆ: ಮನೆಮಂದಿಯೆಲ್ಲ ನೋಡುವ ಸಾಹಸಚಿತ್ರ ಬರೆಯುತ್ತಿದ್ದೇನೆ. 10 ವರ್ಷದ ಅಕ್ಕ, 6 ವರ್ಷದ ತಮ್ಮ ಗುಹೆಯಲ್ಲಿ ಸಿಕ್ಕಿಬೀಳುತ್ತಾರೆ, ನೀರು ನುಗ್ಗುತ್ತದೆ, ಕೊನೆಗೆ ಚಿಕ್ಕಪ್ಪ ಬಂದು ಮೇಲೆತ್ತುತ್ತಾನೆ. 8 ಪುಟದ ದೃಶ್ಯ. ಓದಿದವರು ‘ಭಯ ಆಗಲಿಲ್ಲ, ಹಿಂಸೆ ಆಯಿತು’ ಅನ್ನುತ್ತಾರೆ. ನೀರಿನ ರಭಸ ಹೆಚ್ಚಿಸಲೇ?

ಬೇಡ. 8 ಪುಟ ಅಂದರೆ ತೆರೆಯ ಮೇಲೆ ಹೆಚ್ಚುಕಡಿಮೆ 8 ನಿಮಿಷ. ಅಷ್ಟು ಹೊತ್ತು ಮಕ್ಕಳು ಬರೀ ಅಳುತ್ತಿದ್ದರೆ ನೋಡುವವರಿಗೆ ಹಿಂಸೆಯಾಗದೆ ಇನ್ನೇನು? 5 ಪುಟಕ್ಕೆ ಇಳಿಸಿ.

ನೀರು ಬರುವ ಮೊದಲೇ, ಬೆಳಕಿರುವಾಗಲೇ, ಗುಹೆಯ ಬಾಯಿ ಎಲ್ಲಿದೆ, ಎತ್ತರದ ಬಂಡೆ ಎಲ್ಲಿದೆ, ಹಗ್ಗ ಎಲ್ಲಿ ಬಿದ್ದಿದೆ ಎಂಬುದನ್ನು ಮಕ್ಕಳ ಆಟದಲ್ಲೇ ತೋರಿಸಿಬಿಡಿ. ದಿಕ್ಕು ತಿಳಿಯದ ಪ್ರೇಕ್ಷಕ ಗೊಂದಲಪಡುತ್ತಾನೆ, ಹೆದರುವುದಿಲ್ಲ.

ಆಮೇಲೆ ನೀರನ್ನು ಮಕ್ಕಳ ಮೈಯಿಂದಲೇ ಅಳೆಯಿರಿ. ತಮ್ಮನ ಭುಜ ಮುಟ್ಟಿದ ನೀರು ಅಕ್ಕನಿಗೆ ಇನ್ನೂ ಎದೆಯ ಕೆಳಗೇ ಇರುತ್ತದೆ. ನಿಮ್ಮ ದೃಶ್ಯದ ಜೀವ ಇರುವುದು ಈ ವ್ಯತ್ಯಾಸದಲ್ಲೇ. ಅವಳೊಬ್ಬಳಾದರೆ ನಡೆದು ದಾಟಬಲ್ಲಳು, ಅವನನ್ನು ಎತ್ತಿಕೊಂಡರೆ ಬಂಡೆ ಹಿಡಿಯಲು ಕೈ ಉಳಿಯುವುದಿಲ್ಲ. ಅವನನ್ನು ಎತ್ತರದ ಬಂಡೆಯ ಮೇಲೆ ಕೂರಿಸಿ, ಇರುವ ಒಂದೇ ಟಾರ್ಚನ್ನು ಅವನ ಕೈಗೆ ಕೊಟ್ಟು, ಕತ್ತಲಲ್ಲಿ ಹಗ್ಗ ಹುಡುಕಲು ಅವಳೇ ಹೊರಡಲಿ. ಇಲ್ಲಿ ಕಿರುಚಾಟ ಬೇಡ. ಅವಳು ಮಾತಾಡುತ್ತಾ ಹೋಗಲಿ, ಆ ದನಿ ನಿಂತಾಗ ತಮ್ಮನಿಗೂ ಪ್ರೇಕ್ಷಕರಿಗೂ ಒಟ್ಟಿಗೇ ಎದೆ ಝಲ್ಲೆನ್ನುತ್ತದೆ.

ಚಿಕ್ಕಪ್ಪ ಬರಲಿ, ಅಡ್ಡಿಯಿಲ್ಲ. ಆದರೆ ಅವನು ಹಗ್ಗ ಎಳೆಯುವ ಹೊತ್ತಿಗೆ ಅದನ್ನು ತಮ್ಮನ ಕಂಕುಳಡಿ ಸುತ್ತಿ ಕಟ್ಟಿದವಳು ಅಕ್ಕನೇ ಆಗಿರಬೇಕು. ಹೊರಗಿನ ಹುಡುಕಾಟವನ್ನು ಒಮ್ಮೆ ಮಾತ್ರ ತೋರಿಸಿ. ಪ್ರತಿ ಸಲ ಹೊರಗೆ ಹೋದಾಗಲೂ ಒಳಗಿನ ಬಿಗಿ ಸಡಿಲಾಗುತ್ತದೆ. ದೊಡ್ಡವರು ದೂರವಿರಲು ಒಂದು ನ್ಯಾಯವಾದ ಕಾರಣ ಕೊಡಿ. ಫೋನಿನಲ್ಲಿ ಮೈಮರೆತ ಅಪ್ಪನನ್ನು ಇನ್ನಾದರೂ ಬಿಡಿ.

ಮೇಲೆ ಬಂದ ತಕ್ಷಣ ತಮಾಷೆಯ ಮಾತಿಗೆ ಹಾರಬೇಡಿ. ಅರ್ಧ ಪುಟ ನಡುಗಲಿ, ಒದ್ದೆ ಬಟ್ಟೆ ಬಿಚ್ಚಲಿ, ಮೂವರೂ ಒಂದೇ ಫ್ರೇಮಿನಲ್ಲಿ ಕಾಣಲಿ. ಪುಟ್ಟ ಮಕ್ಕಳಿಗೆ ‘ಇದೆಲ್ಲ ಸಿನಿಮಾ’ ಎಂಬ ಸಮಾಧಾನ ಅಷ್ಟಾಗಿ ನಾಟುವುದಿಲ್ಲ. ಕ್ಷೇಮವಾಗಿದ್ದಾರೆಂದು ಅವರ ಕಣ್ಣಿಗೇ ಕಾಣಬೇಕು.

ಗುಹೆಯ ಬದಲು ಫ್ರಿಜ್ಜು, ಪೆಟ್ಟಿಗೆ, ಪ್ಲಾಸ್ಟಿಕ್ ಚೀಲ ಎಂದು ಇನ್ನಿಬ್ಬರು ಬರೆದಿದ್ದಾರೆ. ಖಂಡಿತ ಬೇಡ. ನೋಡಿದ ಮಗು ಮನೆಯಲ್ಲಿ ಅನುಕರಿಸಬಹುದಾದದ್ದನ್ನು ಬ್ರಿಟನ್ನಿನ ಚಲನಚಿತ್ರ ಪ್ರಮಾಣೀಕರಣ ಮಂಡಳಿಯೂ ಪ್ರತ್ಯೇಕವಾಗಿ ಪರಿಗಣಿಸುತ್ತದೆ.

ಪ್ರಶ್ನೆ: ಮಗು ಸತ್ತರೆ ಕಥೆಗೆ ತೂಕ ಬರುವುದಿಲ್ಲವೇ?

1936ರ ‘ಸಬೊಟಾಜ್’ ಚಿತ್ರದಲ್ಲಿ ನಿರ್ದೇಶಕ ಹಿಚ್‌ಕಾಕ್, ಅರಿಯದೆ ಬಾಂಬು ಹೊತ್ತೊಯ್ಯುವ ಹುಡುಗನನ್ನು ಬಸ್ಸಿನಲ್ಲೇ ಕೊಂದರು. ಹಾಗೆ ಮಾಡಿದ್ದು ತಪ್ಪೆಂದು ಮುಂದೆ ಅವರೇ ಹೇಳಿದರು. ಅದು ದೊಡ್ಡವರ ಚಿತ್ರ, ನಿಮ್ಮದು ಮಕ್ಕಳೂ ನೋಡುವ ಚಿತ್ರ.

ಪ್ರಶ್ನೆ: ಮಗುವಿನ ಬದಲು ನಾಯಿ?

ಬೇಡ.

ಪ್ರಶ್ನೆ: 10 ನಿಮಿಷಕ್ಕೊಂದು ಗಂಡಾಂತರ ಇರಲೇಬೇಕೆಂದು ಕಾರ್ಯಾಗಾರದಲ್ಲಿ ಕಲಿಸಿದರು.

ಇಂಥ ಸೂತ್ರ ಮಾರುವವರಿಂದ ದೂರವಿರಿ. ಮೊದಲ ಗಂಡಾಂತರದಲ್ಲಿ ಮಕ್ಕಳು ಏನನ್ನೂ ಕಳೆದುಕೊಳ್ಳದಿದ್ದರೆ ಎರಡನೆಯದು ವ್ಯರ್ಥ.

ಪ್ರಶ್ನೆ: ಬಾಲನಟರಿಗೆ ಮೊದಲೇ ಹೇಳದೆ ಹೆದರಿಸಿದರೆ ಅಭಿನಯ ಸಹಜವಾಗಿ ಬರುತ್ತದಂತೆ?

ಹಾಗನ್ನುವ ನಿರ್ದೇಶಕನ ಸೆಟ್ಟಿಗೆ ಮಗುವನ್ನು ಕಳಿಸಲೇಬೇಡಿ. ಬೆಚ್ಚಗಿನ ನೀರು ತುಂಬಿದ, ಸೊಂಟ ಮೀರದ ತೊಟ್ಟಿಯಲ್ಲಿ ಮಗುವನ್ನು ಮೊಣಕಾಲೂರಿಸಿ, ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ಇಳಿಸಿದರೆ ಕತ್ತಿನವರೆಗೆ ಮುಳುಗಿದಂತೆ ಕಾಣುತ್ತದೆ. ದೂರದ ಶಾಟುಗಳಿಗೆ ಗಿಡ್ಡ ಮೈಕಟ್ಟಿನ ವಯಸ್ಕ ಡ್ಯೂಪ್ ಕಲಾವಿದರಿದ್ದಾರೆ.