ಮನಸ್ಸಿನ ಮಾತು: ಯಾರೂ ಹೊಡೆಯದ ಬಾಲ್ಯ

ಪ್ರಶ್ನೆ: ನನಗೆ 36 ವರ್ಷ, ಪ್ರೌಢಶಾಲೆಯಲ್ಲಿ ಶಿಕ್ಷಕಿ. ನಾನು ಚಿಕ್ಕವಳಿದ್ದಾಗ ಅಮ್ಮನಿಗೆ ಮನಸ್ಸಿನ ಕಾಯಿಲೆಯಿತ್ತು. ಅಪ್ಪ ಅಂಗಡಿ ಮುಚ್ಚಿ ಬರುವಷ್ಟರಲ್ಲಿ ನಾನು ಮಲಗಿರುತ್ತಿದ್ದೆ. ಊಟ, ಬಟ್ಟೆ, ಫೀಸಿಗೆ ಕೊರತೆಯಿರಲಿಲ್ಲ, ಯಾರೂ ಹೊಡೆದವರಲ್ಲ. ಆದರೆ ಜ್ವರ ಬಂದರೆ ನಾನೇ ಮೆಡಿಕಲ್ ಶಾಪಿಗೆ ಹೋಗಿ ಮಾತ್ರೆ ತರಬೇಕಿತ್ತು. ಮೊದಲ ಸಲ ಮುಟ್ಟಾದಾಗ ಅದೇನೆಂದು ಹೇಳುವವರಿರಲಿಲ್ಲ. ಈಗ ಪತಿ ಫೋನ್ ಎತ್ತದಿದ್ದರೆ ಬಿಟ್ಟುಹೋದರೇನೋ ಎಂದು ಎದೆ ಹೊಡೆದುಕೊಳ್ಳುತ್ತದೆ. ಹುಷಾರಿಲ್ಲದಾಗ ಅವರು ಗಂಜಿ ಮಾಡಿ ತಂದರೆ ಸಿಟ್ಟು ಬರುತ್ತದೆ. ಚಿಕ್ಕಮ್ಮ ‘ನಿನಗೇನು ಕಡಿಮೆಯಾಗಿತ್ತು?’ ಎನ್ನುತ್ತಾರೆ. ಇಲ್ಲದ ನೋವನ್ನು ನಾನು ಹುಡುಕುತ್ತಿದ್ದೇನೆಯೇ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಇಲ್ಲ. ಜ್ವರ ಬಂದ ಮಗು ತಾನೇ ಮಾತ್ರೆ ತಂದುಕೊಳ್ಳುವುದು ನಿರ್ಲಕ್ಷ್ಯವೇ. ಮನೆಯವರಿಗೆ ಅದರ ಉದ್ದೇಶವಿರಲಿಲ್ಲ ಎಂಬುದರಿಂದ ಪರಿಣಾಮ ಕಡಿಮೆಯಾಗುವುದಿಲ್ಲ. ಹೊಡೆತ ತಿಂದವರಿಗೆ ತೋರಿಸಲು ಒಂದು ಘಟನೆಯಾದರೂ ಇರುತ್ತದೆ. ನಿಮ್ಮಂಥವರ ಬಳಿ ಅದೂ ಇಲ್ಲದ್ದರಿಂದ, ಚಿಕ್ಕಮ್ಮನ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳುತ್ತಾ ವರ್ಷಗಳು ಕಳೆಯುತ್ತವೆ.

ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟಿ ಮತ್ತು ರಾಬರ್ಟ್ ಆಂಡಾ 1998ರಲ್ಲಿ ಪ್ರಕಟಿಸಿದ ಅಧ್ಯಯನ ಬಾಲ್ಯದ ಪ್ರತಿಕೂಲ ಅನುಭವಗಳನ್ನೂ ವಯಸ್ಕರ ಆರೋಗ್ಯವನ್ನೂ ಜೊತೆಗಿಟ್ಟು ನೋಡಿತು. ಮುಂದೆ ಹತ್ತಕ್ಕೇರಿದ ಆ ಅನುಭವಗಳ ಪಟ್ಟಿಯಲ್ಲಿ ಭಾವನಾತ್ಮಕ ನಿರ್ಲಕ್ಷ್ಯವೂ, ಮನೆಯಲ್ಲಿ ಮಾನಸಿಕ ಅಸ್ವಸ್ಥರಿರುವುದೂ ಸೇರಿವೆ. ಎರಡೂ ನಿಮ್ಮ ಪತ್ರದಲ್ಲಿವೆ. ನಾಲ್ಕು ಅಥವಾ ಹೆಚ್ಚು ಬಗೆಯ ಅನುಭವವಿದ್ದವರಲ್ಲಿ ಖಿನ್ನತೆ, ಮದ್ಯವ್ಯಸನ, ಆತ್ಮಹತ್ಯಾ ಪ್ರಯತ್ನಗಳ ಅಪಾಯ 4ರಿಂದ 12 ಪಟ್ಟು ಹೆಚ್ಚಿತ್ತು. ಇದು ಸಾವಿರಾರು ಜನರ ಲೆಕ್ಕವೇ ಹೊರತು ಒಬ್ಬರ ಜಾತಕವಲ್ಲ. ಅನುಭವದ ಬಗೆಗೊಂದರಂತೆ ಅಂಕ ಕೂಡಿ ವ್ಯಕ್ತಿಯ ಭವಿಷ್ಯ ಹೇಳಬಾರದೆಂದು ಆಂಡಾ ಅವರೇ ಮುಂದೆ ಎಚ್ಚರಿಸಿದ್ದಾರೆ, ಆದರೂ ಮೊಬೈಲಿನಲ್ಲಿ ಹರಿದಾಡುವ ಪ್ರಶ್ನಾವಳಿಗಳು ಮಾಡುವುದು ಅದನ್ನೇ.

ನಿರ್ಲಕ್ಷ್ಯದ ಬಗ್ಗೆ ಸ್ಪಷ್ಟ ತಿಳಿವಳಿಕೆ ಬಂದದ್ದು ರುಮೇನಿಯಾದಿಂದ. ಬುಖಾರೆಸ್ಟಿನ ಅನಾಥಾಲಯಗಳಲ್ಲಿದ್ದ 136 ಮಕ್ಕಳನ್ನು 2000ದಲ್ಲಿ ಆರಂಭವಾದ ಅಧ್ಯಯನಕ್ಕೆ ಸೇರಿಸಿಕೊಂಡು, ಅರ್ಧದಷ್ಟು ಮಕ್ಕಳನ್ನು ಚೀಟಿ ಎತ್ತಿದಂತೆ ಆರಿಸಿ ಸಾಕುಮನೆಗಳಿಗೆ, ಅಂದರೆ ಮಗುವನ್ನು ಮನೆಯಲ್ಲಿಟ್ಟು ಸಾಕುವ ಕುಟುಂಬಗಳಿಗೆ, ಕಳಿಸಲಾಯಿತು. ಅನಾಥಾಲಯದಲ್ಲಿ ಊಟವಿತ್ತು, ಮಂಚವಿತ್ತು. ಪಾಳಿ ಬದಲಾದಂತೆ ಆಯಾಗಳೂ ಬದಲಾಗುತ್ತಿದ್ದುದರಿಂದ ‘ನನ್ನವರು’ ಎನ್ನಲು ಯಾರೂ ಇರಲಿಲ್ಲ. ಸುಮಾರು ಎರಡು ವರ್ಷ ತುಂಬುವ ಮೊದಲೇ ಸಾಕುಮನೆ ಸೇರಿದವರಲ್ಲಿ ಬಾಂಧವ್ಯ ಬೆಸೆಯುವ ಶಕ್ತಿ ಹೆಚ್ಚು ಚೇತರಿಸಿಕೊಂಡಿತು. ನಿಮ್ಮ ಮನೆಯನ್ನು ಅನಾಥಾಲಯಕ್ಕೆ ಹೋಲಿಸುವುದು ತಪ್ಪು. ಹೊಟ್ಟೆ ತುಂಬಿದ್ದರೂ ಮಗುವಿಗೆ ಕೊರತೆಯಾಗಬಹುದು ಎಂಬುದಷ್ಟೇ ಇಲ್ಲಿ ಮುಖ್ಯ.

ಮಗು ಅತ್ತಾಗ ಯಾರಾದರೂ ಬಂದು ಎತ್ತಿಕೊಂಡರೆ ಒತ್ತಡದ ಹಾರ್ಮೋನುಗಳು ಇಳಿಯುತ್ತವೆ. ಇದು ಸಾವಿರ ಸಲ ನಡೆದ ಮೇಲೆ ಮಗು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳಲು ಕಲಿಯುತ್ತದೆ. ಯಾರೂ ಬಾರದಿದ್ದರೆ ಭಯದ ಪ್ರತಿಕ್ರಿಯೆ ಸಣ್ಣ ಕಾರಣಕ್ಕೂ ಎಚ್ಚೆತ್ತುಕೊಳ್ಳುವಂತಾಗಬಹುದು, ಇಲ್ಲವೇ ಮಗು ಕೇಳುವುದನ್ನೇ ನಿಲ್ಲಿಸಬಹುದು. ನಿಮ್ಮಲ್ಲಿ ಎರಡೂ ಕಾಣುತ್ತಿವೆ: ಎತ್ತದ ಫೋನಿಗೆ ಎದೆ ಹೊಡೆದುಕೊಳ್ಳುವುದು ಮೊದಲನೆಯದು, ಗಂಜಿಯ ಬಟ್ಟಲಿನ ಮೇಲಿನ ಸಿಟ್ಟು ಎರಡನೆಯದು. ಆರೈಕೆ ಪಡೆದರೆ ಋಣ ಬೀಳುತ್ತದೆ, ನಾಳೆ ಅದು ನಿಂತರೆ ತಾಳಲಾರೆ ಎಂಬ ಹಳೆಯ ಲೆಕ್ಕಾಚಾರ ಆ ಸಿಟ್ಟಿನ ಹಿಂದಿರಬಹುದು.

ಮೊದಲು ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆ ಮಾಡಿಸಿಕೊಳ್ಳಿ. ಎದೆಬಡಿತಕ್ಕೆ ಅವೂ ಕಾರಣವಾಗಬಲ್ಲವು. ಬಳಿಕ ಬಾಲ್ಯದ ಆಘಾತಗಳ ಚಿಕಿತ್ಸೆಯಲ್ಲಿ ಅನುಭವವಿರುವ ಮನಶ್ಶಾಸ್ತ್ರಜ್ಞರನ್ನು ಕಾಣಿ. ಎಲ್ಲಿ ಹೋಗುವುದೆಂದು ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕರೆ ಸ್ವೀಕರಿಸಲಾಗದಾಗ ‘ಕೆಲಸದಲ್ಲಿದ್ದೇನೆ, ಏಳಕ್ಕೆ ಮಾಡುತ್ತೇನೆ’ ಎಂದು ಮೆಸೇಜ್ ಹಾಕುವಂತೆ ಪತಿಗೆ ಹೇಳಿ, ಕಾರಣವನ್ನೂ ತಿಳಿಸಿ. ಅಮ್ಮನನ್ನು ಕ್ಷಮಿಸಲೇಬೇಕೆಂದು ನಾನು ಹೇಳಲಾರೆ. ಅವರ ಕಾಯಿಲೆಯ ಬಗ್ಗೆ ಕನಿಕರವೂ ನಿಮಗೆ ಸಿಗದೇ ಹೋದದ್ದರ ಬಗ್ಗೆ ಸಿಟ್ಟೂ ಒಟ್ಟಿಗೇ ಇರಬಹುದು.

ಪ್ರಶ್ನೆ: ಅಪ್ಪ ಬೆಲ್ಟಿನಿಂದ ಹೊಡೆದೇ ನನ್ನನ್ನು ಇಂಜಿನಿಯರ್ ಮಾಡಿದರು. ಈಗ ನಾನು ಕೈ ಎತ್ತಿದರೆ ನನ್ನ ಏಳು ವರ್ಷದ ಮಗ ನಿಂತಲ್ಲೇ ಉಚ್ಚೆ ಮಾಡಿಕೊಳ್ಳುತ್ತಾನೆ. ನಾನೂ ಅಪ್ಪನಂತೆಯೇ ಆಗುತ್ತೇನೆಯೇ?
– ಒಬ್ಬ ತಂದೆ, ದಾವಣಗೆರೆ

ಉತ್ತರ: ಏಟು ತಿಂದು ಬೆಳೆದವರೆಲ್ಲ ಮಕ್ಕಳನ್ನು ಹಿಂಸಿಸುವುದಿಲ್ಲ. ಆದರೆ ನೀವು ‘ಆಗುತ್ತೇನೆಯೇ’ ಎಂದು ಕೇಳುತ್ತಿರುವುದು ಮನೆಯಲ್ಲಿ ಈಗಾಗಲೇ ನಡೆಯುತ್ತಿದೆ. 2007ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ, 13 ರಾಜ್ಯಗಳ ಸಮೀಕ್ಷೆಯ ಪ್ರಕಾರ ಪ್ರತಿ ಮೂವರು ಮಕ್ಕಳಲ್ಲಿ ಇಬ್ಬರು ದೈಹಿಕ ದೌರ್ಜನ್ಯಕ್ಕೆ ಗುರಿಯಾಗಿದ್ದರು. ಎಲ್ಲರ ಮನೆಯಲ್ಲೂ ಇರುವುದೇ ಎಂದು ಸುಮ್ಮನಿರಲು ಇದು ಕಾರಣವಾಗಬಾರದು. ನೀವು ಇಂಜಿನಿಯರ್ ಆದದ್ದು ಬೆಲ್ಟಿನಿಂದ ಎಂಬುದಕ್ಕೆ ಆಧಾರವೇನೂ ಇಲ್ಲ, ಓದಿದವರು ನೀವು.

ಮಗನದು ಹಟವಲ್ಲ, ಭಯ. ಇವತ್ತಿನಿಂದಲೇ ಹೊಡೆಯುವುದನ್ನು ನಿಲ್ಲಿಸಿ. ಸಿಟ್ಟು ಏರುವ ಸೂಚನೆ ಸಿಕ್ಕಾಗಲೇ, ಮಗನನ್ನು ನಿಮ್ಮ ಪತ್ನಿಯ ಬಳಿ ಬಿಟ್ಟು ಹೊರಗೆ ಹೋಗಿ. ‘ನಾನು ಹೊಡೆದದ್ದು ತಪ್ಪು, ಅದು ನಿನ್ನ ತಪ್ಪಲ್ಲ’ ಎಂದು ಅವನ ಎದುರು ಕುಳಿತು ಹೇಳಿ. ರಾತ್ರಿ ಹಾಸಿಗೆ ಒದ್ದೆಯಾಗುವುದೂ ಹೊಸದಾಗಿ ಶುರುವಾಗಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ, ಮತ್ತು ಮನೆಯಲ್ಲಿ ಹೊಡೆತ ನಡೆಯುತ್ತಿತ್ತು ಎಂಬುದನ್ನು ಅವರ ಮುಂದೆ ಮುಚ್ಚಿಡಬೇಡಿ.