ರಿಪೋರ್ಟ್ ಎಲ್ಲಾ ನಾರ್ಮಲ್ ಅದಾವ, ಆದರ ಆಕಿ ಮೊದಲಿನಂಗ ಇಲ್ಲ

"ಮೇಡಂ, ರಿಪೋರ್ಟ್ ಎಲ್ಲಾ ನಾರ್ಮಲ್ ಅದಾವ. ಆದರ ಆಕಿ ರೊಟ್ಟಿ ಮಾಡೋದೇ ಬಿಟ್ಟಾಳ್ರಿ."

ಮೊದಲ ದಿನ ಗಂಡ ಹೇಳಿದ್ದು ಇಷ್ಟೇ. ಪಕ್ಕದ ಕುರ್ಚಿಯಲ್ಲಿ ಅವರ ಹೆಂಡತಿ, ನಾನು ಅಕ್ಕ ಅಂತ ಕರೆಯುವವರು, ಸೆರಗಿನ ಅಂಚು ಹಿಡಿದು ನೆಲ ನೋಡುತ್ತಾ ಕೂತಿದ್ದರು. ನಾನು ಆಪ್ತಸಮಾಲೋಚಕಿ. ನನ್ನ ಕೋಣೆ ಮಹಡಿ ಮೇಲಿದೆ, ಹದಿನೆಂಟು ಮೆಟ್ಟಿಲು. ಅವರು ಹತ್ತಿ ಬಂದು ಹತ್ತು ನಿಮಿಷ ಆಗಿತ್ತು. ಆದರೂ ಮಾತಿನ ನಡುವೆ ಉಸಿರು ತುಂಡಾಗುತ್ತಿತ್ತು. ಮುಂದಿನ ಸಲದಿಂದ ನಾನೇ ಕೆಳಗೆ ಇಳಿದು ಬಂದು ಮಾತಾಡತೊಡಗಿದೆ.

ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಎಂದು ಕೆಲವು ವಿವರ ಬದಲಿಸಿದ್ದೇನೆ.

ಅಕ್ಕನ ವಯಸ್ಸು ಐವತ್ತರ ಆಸುಪಾಸು. ಕಲಬುರಗಿಯಲ್ಲಿ ಮನೆ, ಆಳಂದದ ಕಡೆ ಸ್ವಲ್ಪ ತೊಗರಿ ಹೊಲ. 2021ರ ಮೇ ತಿಂಗಳು, ಎರಡನೇ ಅಲೆಯಲ್ಲಿ ಕೊರೊನಾ ಬಂತು. ಆಸ್ಪತ್ರೆಯಲ್ಲಿ 23 ದಿನ, ಅದರಲ್ಲಿ 11 ದಿನ ಐಸಿಯು. ಮುಖಕ್ಕೆ ಬಿಗಿಯಾಗಿ ಕಟ್ಟಿ, ಒತ್ತಡದಿಂದ ಗಾಳಿ ಒಳಗೆ ತಳ್ಳುವ ಬೈಪ್ಯಾಪ್ ಮಾಸ್ಕ್ ಹಾಕಿದ್ದರು. ಮನೆಗೆ ಬಂದ ಮೇಲೂ ಒಂದು ತಿಂಗಳು ಆಕ್ಸಿಜನ್ ಕಾನ್ಸಂಟ್ರೇಟರ್ ಬೇಕಾಯಿತು. ನನ್ನ ಹತ್ತಿರ ಬಂದಿದ್ದು 2022ರ ಆಗಸ್ಟ್‌ನಲ್ಲಿ. ಈ ಹದಿನೈದು ತಿಂಗಳು ಎಲ್ಲರೂ ಹೇಳಿದ ಮಾತು ಒಂದೇ, "ಬದುಕಿ ಬಂದೀಯಲ್ಲ, ಅದೇ ದೊಡ್ಡದು."

ಈ ಮಾತು ಪ್ರೀತಿಯಿಂದಲೇ ಬರುತ್ತದೆ. ಆದರೆ ಕೇಳಿದವರ ಬಾಯಿ ಕಟ್ಟಿಬಿಡುತ್ತದೆ. ಸತ್ತವರ ಮನೆಗಳು ಓಣಿಯಲ್ಲೇ ಇರುವಾಗ "ನನಗೆ ಸುಸ್ತು" ಅಂತ ಹೇಗೆ ಹೇಳುವುದು? ನಮ್ಮೂರಿನಲ್ಲಿ ಇನ್ನೂ ಒಂದು ಭಾರ ಇತ್ತು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ದಾಖಲಾಗಿದ್ದು ಕಲಬುರಗಿಯಲ್ಲಿ. ಆ ಹೆದರಿಕೆ, ಆ ದೂರ ಸರಿಯುವ ನೋಟ ನಮಗೆ ಎಲ್ಲರಿಗಿಂತ ಮೊದಲು ಬಂತು. ಹೀಗಾಗಿ ಅಕ್ಕ ರೋಗದ ಹೆಸರನ್ನೇ ಎತ್ತುತ್ತಿರಲಿಲ್ಲ.

ಗಂಡನನ್ನು ಹೊರಗೆ ಕೂರಿಸಿ ಕೇಳಿದಾಗ ಅಕ್ಕ ಮೊದಲು ಹೇಳಿದ್ದು ರೊಟ್ಟಿಯ ಮಾತು.

"ಮೂರನೇ ರೊಟ್ಟಿಗೆ ಕೈ ಸೋತು ಹೋಗ್ತಾವ್ರಿ. ಎದಿ ದವದವ ಅಂತದ. ಅತ್ತಿ ಒಳಗ ಕುಂತು ಕೇಳಸ್ಕೋತಾರ, ಬಡಿಯೋ ಸಪ್ಪಳ ಯಾಕ ನಿಂತದ ಅಂತ."

ಜೋಳದ ರೊಟ್ಟಿ ಮಾಡಿದವರಿಗೆ ಇದು ಗೊತ್ತು. ಬಿಸಿ ನೀರು ಹಾಕಿ ಹಿಟ್ಟು ನಾದಬೇಕು, ಭುಜದಿಂದ ಬಲ ಕೊಟ್ಟು ಬಡಿಯಬೇಕು, ಹಂಚಿನ ಕಾವು ಸೀದಾ ಮುಖಕ್ಕೆ. ಅದೂ ಬೇಸಿಗೆಯಲ್ಲಿ ಹೊರಗೆ 42 ಡಿಗ್ರಿ ಇರುವ ಊರಲ್ಲಿ. ಇದನ್ನು ಯಾವ ರಿಪೋರ್ಟೂ ಅಳೆಯುವುದಿಲ್ಲ. ಅಷ್ಟೇ ಅಲ್ಲದೆ ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಬಾಯಿಪಾಠ ಇದ್ದ ವಚನ ಅರ್ಧಕ್ಕೆ ನಿಲ್ಲುತ್ತಿತ್ತು. ರಾತ್ರಿ ಮೂರಕ್ಕೆ ಎಚ್ಚರ ಆಗುತ್ತಿತ್ತು, ಎದ್ದು ಕೂತು ಬೆರಳಿಗೆ ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಹಾಕಿಕೊಳ್ಳುತ್ತಿದ್ದರು. ದಿನಕ್ಕೆ ಇಪ್ಪತ್ತು ಸಲ.

ನಾನು ಡಾಕ್ಟರ್ ಅಲ್ಲ. ಇಂಥವರು ಬಂದರೆ "ಮನಸ್ಸಿನದು" ಅನ್ನುವ ಮೊದಲು ದೇಹ ನೋಡಿಸುತ್ತೇನೆ. ಅವರು ತಂದ ನಾರ್ಮಲ್ ರಿಪೋರ್ಟ್ ಒಂದು ವರ್ಷ ಹಳೆಯದು. ಫಿಜಿಷಿಯನ್ ಹತ್ತಿರ ಕಳಿಸಿದೆ. ಹಿಮೋಗ್ಲೋಬಿನ್ 8.4 ಬಂತು, ಅಂದರೆ ರಕ್ತ ಕಡಿಮೆ. ಸಕ್ಕರೆಯೂ ಜಾಸ್ತಿ ಇತ್ತು. ಕೊರೊನಾ ಹೊತ್ತಿನಲ್ಲಿ ಸ್ಟೀರಾಯ್ಡ್ ಕೊಟ್ಟಾಗ ಏರಿದ ಸಕ್ಕರೆಯನ್ನು ಆಮೇಲೆ ಯಾರೂ ನೋಡಿರಲಿಲ್ಲ. ಎರಡಕ್ಕೂ ಔಷಧಿ ಶುರುವಾಯಿತು. ಎರಡು ತಿಂಗಳಲ್ಲಿ ಸ್ವಲ್ಪ ಚೇತರಿಕೆ ಕಂಡಿತು. ಪೂರ್ತಿ ಅಲ್ಲ. ಉಳಿದದ್ದಕ್ಕೆ ಡಾಕ್ಟರು ಕೊರೊನಾ ನಂತರದ ತೊಂದರೆ ಎಂದು ಬರೆದುಕೊಟ್ಟರು. 2021ರ ಅಕ್ಟೋಬರ್‌ನಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೊಂದು ವ್ಯಾಖ್ಯೆ ಕೊಟ್ಟಿದೆ. ಸೋಂಕು ಬಂದು ಮೂರು ತಿಂಗಳಾದ ಮೇಲೂ ಕಾಡುವ, ಕನಿಷ್ಠ ಎರಡು ತಿಂಗಳು ಇರುವ, ಬೇರೆ ಕಾರಣ ಸಿಗದ ಲಕ್ಷಣಗಳು ಅಂತ. ಆ ಚೀಟಿ ಓದಿ ಹೇಳಿದಾಗ ಅಕ್ಕ ಅತ್ತರು. "ಹಂಗಾರ ನಾ ನಾಟಕ ಮಾಡ್ತಿಲ್ಲ, ಅಲ್ರೀ?"

ಇಲ್ಲಿ ನಾನೊಂದು ತಪ್ಪು ಮಾಡಿದೆ. ದಿನಾ ನಡೆಯಿರಿ, ವಾರಕ್ಕೆ ಐದು ನಿಮಿಷ ಹೆಚ್ಚಿಸಿ ಅಂದೆ. ಅಪ್ಪನ ಕೆರೆ ಹತ್ತಿರ ಗಂಡನ ಜೊತೆ ನಡೆಯತೊಡಗಿದರು. ಮೂರನೇ ವಾರ ಹಾಸಿಗೆ ಹಿಡಿದರು. ನಾನು ಅದನ್ನು ಬೇಸರ, ಖಿನ್ನತೆ ಅಂದುಕೊಂಡೆ. ಕಣ್ಣು ತೆರೆಸಿದ್ದು ಅವರ ಅಡಿಗೆಮನೆಯ ಕ್ಯಾಲೆಂಡರ್. ಚಲೋ ಇದ್ದ ದಿನಕ್ಕೆ ಸುತ್ತು, ಮಲಗಿದ ದಿನಕ್ಕೆ ಗೀಟು ಹಾಕಿ ಅಂದಿದ್ದೆ. ಪೆನ್ಸಿಲ್‌ನಲ್ಲಿ ಹಾಕಿದ್ದರು. ಒಂದು ಸುತ್ತು, ಒಂದು ಖಾಲಿ ದಿನ, ಆಮೇಲೆ ಮೂರು ಗೀಟು. ಮತ್ತೊಂದು ಸುತ್ತು, ಮತ್ತೆ ಗೀಟು. ಹಾಳೆ ತುಂಬ ಇದೇ. ಆರಾಮ ಅನಿಸಿದ ದಿನ ಅವರು ಬಾಕಿ ಕೆಲಸ ಎಲ್ಲಾ ಮಾಡಿಬಿಡುತ್ತಿದ್ದರು. ದಣಿವು ಅವತ್ತೇ ಬರುತ್ತಿರಲಿಲ್ಲ. ಮರುದಿನವೋ ಅದರ ಮರುದಿನವೋ ಬಂದು ಕೆಡವುತ್ತಿತ್ತು. ಹೀಗೆ ತಡವಾಗಿ ಕೆಡವುವ ದಣಿವಿದ್ದವರಿಗೆ ವಾರವಾರ ಹೆಚ್ಚಿಸುವ ವ್ಯಾಯಾಮ ಹೇಳಬಾರದಿತ್ತು. ಅವರ ಮುಂದೆಯೇ ತಪ್ಪು ಒಪ್ಪಿಕೊಂಡೆ.

ಆವತ್ತಿನಿಂದ ಸಲಹೆ ತಿರುಗಾಮುರುಗಾ ಆಯಿತು. ಆಗುತ್ತದೆ ಅನಿಸಿದ್ದರಲ್ಲಿ ಅರ್ಧ ಮಾಡಿ, ಆರಾಮ ಇದ್ದ ದಿನವೂ ಅಷ್ಟೇ ಮಾಡಿ. ದಣಿಯುವ ಮೊದಲೇ ಕೂರಿ, ದಣಿದ ಮೇಲಲ್ಲ. ಮಧ್ಯಾಹ್ನ ಅರ್ಧ ತಾಸು ಕತ್ತಲೆ ಕೋಣೆಯಲ್ಲಿ ಸುಮ್ನೆ ಮಲಗಿ, ಫೋನೂ ಬೇಡ. ಸ್ನಾನ ಮತ್ತು ರೊಟ್ಟಿ ಒಂದೇ ಹೊತ್ತಿಗೆ ಬೇಡ. ಉಸಿರು ಕಟ್ಟಿದಾಗ ಕಟ್ಟೆ ಮೇಲೆ ಕೂತು ಮುಂದಕ್ಕೆ ಬಾಗಿ, ಮೊಣಕೈ ತೊಡೆಗೆ ಊರಿ, ಮೂಗಿನಿಂದ ಎಳೆದು ಬಿಸಿ ಚಹಾ ಊದುವ ಹಾಗೆ ನಿಧಾನ ಬಿಡಿ. ಆಕ್ಸಿಮೀಟರ್ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಸಾಕು. 94ಕ್ಕಿಂತ ಕೆಳಗೇ ಉಳಿದರೆ, ಎದೆ ನೋವು ಬಂದರೆ, ಒಮ್ಮೆಲೇ ಉಸಿರು ಜಾಸ್ತಿ ಕಟ್ಟಿದರೆ ನನಗೆ ಫೋನ್ ಮಾಡುತ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಅತ್ತೆಗೆ ಇದನ್ನು ಒಪ್ಪಿಸುವುದು ಕಷ್ಟ ಆಗುತ್ತದೆ ಅಂದುಕೊಂಡಿದ್ದೆ. ಆಕೆ ಎಲ್ಲಾ ಕೇಳಿ ಒಂದೇ ಪ್ರಶ್ನೆ ಕೇಳಿದರು, "ಬಾಣಂತಿ ನೋಡಿಕೊಂಡಂಗ ಅನ್ರಿ?" ಹೌದು ಅಂದೆ. ದೊಡ್ಡ ಸಂಗತಿ ಆದ ಮೇಲೆ ದೇಹಕ್ಕೆ ಸಮಯ ಕೊಡಬೇಕು ಅನ್ನುವುದು ನಮ್ಮ ಮನೆಗಳಿಗೆ ಗೊತ್ತೇ ಇದೆ. ಮಾರನೆಯ ವಾರದಿಂದ ದಿನದ ರೊಟ್ಟಿ ಓಣಿಯ ಹೆಣ್ಣುಮಗಳೊಬ್ಬರ ಮನೆಯಿಂದ ಬರತೊಡಗಿತು.

ಐಸಿಯು ಮಾತು ಬಂದಿದ್ದು ಐದನೇ ಭೇಟಿಯಲ್ಲಿ. ದನಿ ತಗ್ಗಿಸಿ ಹೇಳಿದರು. ಮುಖ ಕಾಣದ ಬಿಳಿ ಬಟ್ಟೆಯವರು ತಮ್ಮನ್ನು ಹೂಳಲು ಒಯ್ಯುತ್ತಿದ್ದರಂತೆ. ಗೋಡೆಯಿಂದ ನೀರು ಇಳಿಯುತ್ತಿತ್ತಂತೆ. ಪಕ್ಕದ ಮಂಚದ ಹೆಂಗಸು ಒಂದು ರಾತ್ರಿ ನೀರು ಕೇಳಿದಳು, ಬೆಳಗ್ಗೆ ಮಂಚ ಖಾಲಿ ಇತ್ತು. "ನಂಗ ಹುಚ್ಚು ಹಿಡದಿತ್ತೇನೋ ಅಂತ ಯಾರಿಗೂ ಹೇಳಿಲ್ರಿ. ಆಗೇ ಹೋಗಿದ್ರ ಚಲೋ ಇತ್ತು ಅನಸ್ತದ ಒಮ್ಮೊಮ್ಮೆ."

ಇಂಥ ಮಾತು ಬಂದಾಗ ಸುತ್ತು ಬಳಸಬಾರದು. ಸಾಯಬೇಕು ಅನಿಸುತ್ತದಾ, ಹೇಗೆ ಅಂತ ಯೋಚಿಸಿದ್ದೀರಾ ಅಂತ ನೇರವಾಗಿ ಕೇಳಿದೆ. ಯೋಚಿಸಿರಲಿಲ್ಲ. ಆದರೂ ಮನೋವೈದ್ಯರ ಹತ್ತಿರ ಕಳಿಸಿದೆ. ರಾತ್ರಿ ಒಬ್ಬರೇ ಇದ್ದಾಗ ಹಾಗೆ ಅನಿಸಿದರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವರ ಫೋನಿನಲ್ಲಿ ಸೇವ್ ಮಾಡಿಕೊಟ್ಟೆ. ಕನ್ನಡದಲ್ಲೇ ಮಾತಾಡಬಹುದು, ಹಣ ಇಲ್ಲ.

ಹುಚ್ಚು ಅಲ್ಲ ಎಂದೂ ಬಿಡಿಸಿ ಹೇಳಿದೆ. ಆಕ್ಸಿಜನ್ ಕಡಿಮೆ ಆದಾಗ, ನಿದ್ದೆ ಇಲ್ಲದಾಗ, ಹಗಲು ರಾತ್ರಿ ಲೈಟ್ ಉರಿಯುತ್ತಿರುವಾಗ ಐಸಿಯುನಲ್ಲಿ ಬಹಳ ಜನರಿಗೆ ಹೀಗೆ ಭ್ರಮೆ ಆಗುತ್ತದೆ. ಆಮೇಲೆ ಗಂಡನನ್ನು ಒಳಗೆ ಕರೆದು ಒಂದು ಕೆಲಸ ಕೊಟ್ಟೆ. ಆ 11 ದಿನಗಳನ್ನು ಹೆಂಡತಿಗೆ ಹೇಳಬೇಕು, ಒಂದೊಂದೇ ದಿನ.

ಅವರು ಬಿಲ್ಲುಗಳ ಕವರ್ ತಂದರು. ಔಷಧಿ ಅಂಗಡಿ ಚೀಟಿಗಳನ್ನು ತಾರೀಖಿನ ಪ್ರಕಾರ ಮೇಜಿನ ಮೇಲೆ ಜೋಡಿಸಿದರು. ಇದು ನಾಲ್ಕನೇ ದಿನದ್ದು, ಇಂಜೆಕ್ಷನ್‌ಗೆ ಊರೆಲ್ಲಾ ತಿರುಗಿದ್ದೆ. ಇದು ಆರನೇ ದಿನ, ಬಳೆ ಒತ್ತೆ ಇಟ್ಟೆ. ಒಂಬತ್ತನೇ ದಿನದ ಚೀಟಿ ಹಿಡಿದು ಸುಮ್ಮನಾದರು. ಅವತ್ತು ಡಾಕ್ಟರು ಮಕ್ಕಳನ್ನು ಕರೆಸಿಕೊಳ್ಳಿ ಅಂದಿದ್ದರಂತೆ. ರಾತ್ರಿಯಿಡೀ ಆಸ್ಪತ್ರೆ ಎದುರಿನ ಬೇವಿನ ಗಿಡದ ಕೆಳಗೆ ಕೂತಿದ್ದರಂತೆ. ಅಕ್ಕನಿಗೆ ಇದು ಗೊತ್ತೇ ಇರಲಿಲ್ಲ. "ನೀವು ಮನಿಗಿ ಹೋಗಿ ಮಲಗೀರಿ ಅನ್ಕೊಂಡಿದ್ದೆ" ಅಂದರು. ಆ ದಿನ ನಾನು ಹೆಚ್ಚು ಮಾತಾಡಲಿಲ್ಲ.

ಆಮೇಲೆ ಮೂರು ಗಂಟೆಯ ಎಚ್ಚರ ವಾರಕ್ಕೊಂದೆರಡು ಸಲಕ್ಕೆ ಇಳಿಯಿತು. ಗಂಡನಿಗೂ ಎರಡು ಭೇಟಿ ಬೇಕಾದವು. ರೊಟ್ಟಿ ಬಗ್ಗೆ ಅಷ್ಟು ಸಿಟ್ಟು ಯಾಕೆ ಅಂತ ಕೇಳಿದಾಗ, "ಆಕಿ ರೊಟ್ಟಿ ಬಡದರ ಆಕಿ ವಾಪಸ್ ಬಂದಾಳ ಅಂತ ನಂಬಿಕಿ ಬರ್ತಿತ್ರಿ" ಅಂದರು.

ಆ ವರ್ಷದ ಎಳ್ಳಮಾಸಿಗೆ, ಅಂದರೆ ಎಳ್ಳ ಅಮಾವಾಸ್ಯೆಗೆ, ಅಕ್ಕ ಹೊಲಕ್ಕೆ ಹೋದರು. ಭಜ್ಜಿ ನಾದಿನಿ ಮಾಡಿದಳು, ಕಡಬು ಅತ್ತೆ. ಅಕ್ಕ ಹಿಂದಿನ ದಿನ ಕೂತುಕೊಂಡೇ ಎಳ್ಳು ಹಚ್ಚಿ ಐದು ಸಜ್ಜಿ ರೊಟ್ಟಿ ಮಾಡಿದ್ದರು. ಮುಂದಿನ ಎರಡು ದಿನ ಕ್ಯಾಲೆಂಡರ್‌ನಲ್ಲಿ ಮೊದಲೇ ವಿಶ್ರಾಂತಿ ಅಂತ ಬರೆದಿಟ್ಟಿದ್ದೆವು. ಒಂದೇ ಗೀಟು ಬಿತ್ತು.

ಈಗಲೂ ಮೆಟ್ಟಿಲು ಹತ್ತಿದರೆ ನಡುವೆ ನಿಲ್ಲುತ್ತಾರೆ. ಹೆಸರುಗಳು ಮರೆಯುತ್ತವೆ, ಬರೆದಿಟ್ಟುಕೊಳ್ಳುತ್ತಾರೆ. ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಕಳೆದ ಸಲ ಬಂದಾಗ ಮಗನ ಮದುವೆ ಗೊತ್ತಾಗಿತ್ತು. ನಾಲ್ಕು ದಿನದ ಕಾರ್ಯ. ಯಾವುದಕ್ಕೆ ನಿಲ್ಲಬೇಕು, ಯಾವುದಕ್ಕೆ ಕುರ್ಚಿ ಹಾಕಿಸಬೇಕು, ಯಾವ ಹೊತ್ತಿಗೆ ಬಾಗಿಲು ಹಾಕಿಕೊಂಡು ಮಲಗಬೇಕು ಅಂತ ಪಟ್ಟಿ ಶುರು ಮಾಡಿದ್ದೇವೆ. ಅಕ್ಷತೆಗೆ ಮಾತ್ರ ನಿಂತೇ ಇರುತ್ತೇನೆ ಅಂದಿದ್ದಾರೆ. ಸರಿ ಅಂದಿದ್ದೇನೆ.